ಪೆನ್ನಿನ ಅಂಗಡಿಗೆ ಇ, ನಿಂತ ಬಸ್ಸಿಗೆ ಎ

ಪುಸ್ತಕ, ಪೆನ್ನು ಮಾರುವ ಅಂಗಡಿಯ ಬೋರ್ಡಿನಲ್ಲಿ ಸ್ಟೇಷನರಿಯ ಕೊನೆಗೆ ಎ-ಆರ್-ವೈ ಬರೆದಿರುವುದನ್ನು ಮಂಗಳೂರಿನಲ್ಲಿ ಬೇಕಾದಷ್ಟು ನೋಡಬಹುದು. ಅದಕ್ಕೆ ‘ಅಲ್ಲಾಡದೆ ನಿಂತಿರುವ’ ಎಂದು ಅರ್ಥ. ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ ಡ್ರೈವರ್ ಚಾ ಕುಡಿಯಲು ಇಳಿದಾಗ ಬಸ್ಸು ಇರುತ್ತದಲ್ಲ, ಹಾಗೆ. ಕಾಗದ, ಪೆನ್ನಿಗೆ ಇ-ಆರ್-ವೈ. ಇಂಗ್ಲಿಷಿನ ಇಂಥ ಜೋಡಿಗಳು ಕೇಳಲು ಒಂದೇ ಥರ, ಸ್ಪೆಲ್ಲಿಂಗೂ ಅರ್ಥವೂ ಬೇರೆ. ಅವು ಅದಲುಬದಲಾಗದಂತೆ ನೋಡಿಕೊಳ್ಳುವುದು ಹೇಗೆ?

ಮೊದಲು, ವಾಟ್ಸ್ಯಾಪ್‌ನಲ್ಲಿ ಬಂದ ಜೋಡಿಪದಗಳ ಪಿಡಿಎಫ್ ಡಿಲೀಟ್ ಮಾಡಿ. ಎರಡನ್ನೂ ಅಕ್ಕಪಕ್ಕ ಇಟ್ಟು ಬಾಯಿಪಾಠ ಮಾಡಿದರೆ ಗೊಂದಲ ಜಾಸ್ತಿಯೇ. ನೀವು ಹೆಚ್ಚು ಬರೆಯುವ ಒಂದನ್ನು ಮಾತ್ರ ಗಟ್ಟಿ ಮಾಡಿ. ರಜಾ ಅರ್ಜಿಯ ಪ್ರಿನ್ಸಿಪಾಲ್ ಪಿ-ಎ-ಎಲ್. 1906ರಲ್ಲಿ ಕೆನರಾ ಬ್ಯಾಂಕ್ ಹುಟ್ಟಿದ ಊರು ನಮ್ಮದು, ಹಾಗಾಗಿ ಇದೂ ಗೊತ್ತಿರಲಿ: ಸಾಲದ ಅಸಲೂ ಪಿ-ಎ-ಎಲ್. ತತ್ವ, ನಿಯಮ ಎಂದಾದರೆ ಮಾತ್ರ ಪಿ-ಎಲ್-ಇ.

ಎಲ್ಲರೂ ಎಡವುವುದು ಎಸ್ ಮತ್ತು ಝಡ್ ಸದ್ದಿನಲ್ಲಿ. ಕನ್ನಡದಲ್ಲಿ ಝಡ್‌ಗೆ ಬೇರೆ ಅಕ್ಷರ ಇಲ್ಲ. ಹಾಗಾಗಿ ಸಡಿಲ ಎನ್ನುವ ಪದವೂ ಕಳೆದುಕೊಳ್ಳುವುದು ಎನ್ನುವ ಪದವೂ ನಮ್ಮ ಬಾಯಲ್ಲಿ ‘ಲೂಸ್’ ಆಗುತ್ತವೆ. ಗಂಟಲ ಮೇಲೆ ಎರಡು ಬೆರಳಿಟ್ಟು ‘ಸ್ಸ್ಸ್’ ಎನ್ನಿ. ಬೆರಳಿಗೆ ಏನೂ ತಿಳಿಯುವುದಿಲ್ಲ. ನಾಲಗೆ ಅಲ್ಲಾಡಿಸದೆ ದುಂಬಿಯ ಹಾಗೆ ಗುಂಯ್‌ಗುಟ್ಟಿ. ಈಗ ನಡುಕ ಸಿಗುತ್ತದೆ, ಅಲ್ವಾ? ಅದು ಝಡ್ ಸದ್ದು.

ಇಂಥ ಜೋಡಿಗಳಲ್ಲಿ ನಡುಗುವುದು ಸಾಮಾನ್ಯವಾಗಿ ಕ್ರಿಯಾಪದ. ಕಳೆದುಕೊಳ್ಳುವುದು ಕ್ರಿಯೆ: ಗಂಟಲು ನಡುಗುತ್ತದೆ, ಬರೆಯುವಾಗ ಒಂದೇ ಓ. ಪ್ಯಾಂಟು ಸಡಿಲವಾದರೆ, ಯಾರನ್ನಾದರೂ ಲೂಸು ಎಂದು ಬೈದರೆ ನಡುಕವಿಲ್ಲ, ಓ ಎರಡು. ಅಡ್ವೈಸ್ ಕೂಡ ಹಾಗೇ. ಸಲಹೆಗೆ ಸಿ, ನಡುಕವಿಲ್ಲ. ಸಲಹೆ ಕೊಡುವ ಕೆಲಸಕ್ಕೆ ಎಸ್, ಗಂಟಲು ನಡುಗಬೇಕು. ಎಸ್ ಬರೆದು ಝಡ್ ಓದುವುದು ವಿಚಿತ್ರವೇ, ಇಂಗ್ಲಿಷ್ ಇರುವುದೇ ಹಾಗೆ.

ಪ್ರ್ಯಾಕ್ಟಿಸ್, ಲೈಸೆನ್ಸ್‌ಗೆ ಬೆರಳು ಸಹಾಯ ಮಾಡುವುದಿಲ್ಲ, ಸದ್ದು ಎರಡರಲ್ಲೂ ಒಂದೇ. ಅಡ್ವೈಸ್‌ನ ಲೆಕ್ಕವನ್ನೇ ಹಾಕಿ: ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್. ಜೇಬಿನಲ್ಲಿರುವ ಡ್ರೈವಿಂಗ್ ಲೈಸೆನ್ಸ್ ವಸ್ತು, ಆದ್ದರಿಂದ ಕೊನೆಗೆ ಸಿ-ಇ.

ಉಳಿದವು ಸುಲಭ. ಗಡ್‌ಬಡ್ ಐಸ್‌ಕ್ರೀಮ್ ಡೆಸರ್ಟ್, ಎರಡು ಎಸ್; ಒಂದೇ ಎಸ್ ಇದ್ದರೆ ಮರುಭೂಮಿ. ಅಫೆಕ್ಟ್, ಎಫೆಕ್ಟ್ ಜೋಡಿಯಲ್ಲಿ ಪರಿಣಾಮ ಬೀರುವುದಕ್ಕೆ ಮೊದಲಿಗೆ ಎ, ಪರಿಣಾಮಕ್ಕೆ ಇ.

ಸ್ಪೆಲ್‌ಚೆಕ್ಕನ್ನು ನಂಬಬೇಡಿ. ಪದ ಡಿಕ್ಷನರಿಯಲ್ಲಿದ್ದರೆ ಅದು ಸುಮ್ನೆ ಬಿಟ್ಟುಬಿಡುವುದೇ ಹೆಚ್ಚು. ಮೇಲಾಗಿ ಫೋನು ಅಮೆರಿಕದ ಇಂಗ್ಲಿಷಿನಲ್ಲಿದ್ದರೆ ಸರಿಯಾದ ಲೈಸೆನ್ಸ್‌ಗೂ ಕೆಂಪು ಗೆರೆ ಬೀಳಬಹುದು. ಅಲ್ಲಿ ಲೈಸೆನ್ಸ್‌ನ ನಾಮಪದ, ಕ್ರಿಯಾಪದ ಎರಡಕ್ಕೂ ಎಸ್. ಕೀಬೋರ್ಡ್ ಸೆಟ್ಟಿಂಗ್‌ಗೆ ಹೋಗಿ ಇಂಗ್ಲಿಷ್ ಇಂಡಿಯಾ ಅಥವಾ ಯುಕೆ ಆರಿಸಿಕೊಳ್ಳಿ.