ಆಷಾಢದ ಗಾಳಿಯಲ್ಲಿ ಕಾವೇರಿ ದಂಡೆಯ ನೂರು ಕಿ.ಮೀ. ಸೈಕಲ್ ಸುತ್ತು: ನನ್ನ ಅನುಭವ

ಕಳೆದ ಆಷಾಢದ ಒಂದು ಭಾನುವಾರ ಬೆಳಿಗ್ಗೆ 4.50ಕ್ಕೆ ಸೈಕಲ್ ಹತ್ತಿ ಮೈಸೂರಿನ ಮನೆ ಬಿಟ್ಟೆ. 9.25ಕ್ಕೆ ವಾಪಸ್ ಬಂದು ಸ್ನಾನ ಮುಗಿಸಿ, 10 ಗಂಟೆಗೆ ಸರಿಯಾಗಿ ಅಂಗಡಿ ಬಾಗಿಲು ತೆಗೆದೆ. ಮೀಟರಿನಲ್ಲಿ 101 ಕಿ.ಮೀ. ಓಡಿತ್ತು. ಬೆಂಗಳೂರು ಹೆದ್ದಾರಿಯನ್ನು ಅಡ್ಡ ದಾಟಿದ್ದು ಬಿಟ್ಟರೆ ಅದರ ಮೇಲೆ ಒಂದು ಫರ್ಲಾಂಗೂ ತುಳಿದಿಲ್ಲ. "ನದಿ ದಂಡೆಯ ಹಳ್ಳಿ ರಸ್ತೆಯಲ್ಲಿ ರೋಡ್ ಸೈಕಲ್ ಓಡಿಸ್ಕೊಂಡು ಐದು ಗಂಟೆಯೊಳಗೆ ನೂರು ಮುಗಿಸೋದಾ? ಅದೂ ಆಷಾಢದಲ್ಲಿ?" ಎಂದು ನಮ್ಮ ಗುಂಪಿನವರು ಮೂರು ವರ್ಷದಿಂದ ಕೇಳುತ್ತಲೇ ಇದ್ದರು. ಈಗ ಅದೇ ಗುಂಪಿನ ನಾಲ್ವರು ನನ್ನ ಹಿಂದೆ ಬರುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ನಾವೆಲ್ಲ ಹೆದ್ದಾರಿಯ ಅಂಚು ಹಿಡಿದು ಮಂಡ್ಯದ ಕಡೆ ಹೋಗಿ ಬರುತ್ತಿದ್ದವರೇ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆ ಸೈಕಲ್ಲೂ ನಿಂತಿತು. ಸರ್ವಿಸ್ ರಸ್ತೆಯಲ್ಲಿ ಹಂಪುಗಳ ಲೆಕ್ಕವೇ ಸಿಗುವುದಿಲ್ಲ. ಆಗಲೇ ನಾನು ನದಿಯ ಕಡೆ ತಿರುಗಿದ್ದು.

ಸುತ್ತು ಇಷ್ಟು: ಕೆ.ಆರ್.ಎಸ್. ರಸ್ತೆಯಲ್ಲಿ ಬೆಳಗೊಳ, ಅಲ್ಲಿಂದ ಪಾಲಹಳ್ಳಿ, ರಂಗನತಿಟ್ಟು ಪಕ್ಕದಿಂದ ಶ್ರೀರಂಗಪಟ್ಟಣ. ಗಂಜಾಂ ನೋಡಿಕೊಂಡು ಹೊಳೆ ದಾಟಿ ಎಡದಂಡೆಯಲ್ಲಿ ಅರಕೆರೆ, ಬನ್ನೂರು, ಸೋಮನಾಥಪುರ, ಸೋಸಲೆ. ಮತ್ತೆ ಹೊಳೆ ದಾಟಿದರೆ ತಿ. ನರಸೀಪುರ, ವರುಣಾ ಮೇಲೆ ಮೈಸೂರು. ಮೊದಲ ವರ್ಷ ಇದನ್ನು ಇದೇ ಕ್ರಮದಲ್ಲಿ ಸುತ್ತಿದೆ. ಎಲ್ಲರೂ ಹೇಳುವುದೂ ಹೀಗೇ: "ಮೊದಲು ಪಟ್ಟಣ, ಆಮೇಲೆ ಬನ್ನೂರು."

ಚಳಿಗಾಲದಲ್ಲಿ ಅದು ಸರಿಯೇ. ಮೂಡಣ ಗಾಳಿ ಇರುತ್ತದೆ, ನರಸೀಪುರದಿಂದ ಮನೆಗೆ ಬರುವಾಗ ಬೆನ್ನಿಗೆ ಸಿಗುತ್ತದೆ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಡುವಣದ್ದು. ನರಸೀಪುರ ಬಿಟ್ಟು ಮೈಸೂರಿನ ಕಡೆ ತಿರುಗಿದರೆ ಬಯಲು. ವರುಣಾ ಕೆರೆಯ ಆಸುಪಾಸಿನಲ್ಲಂತೂ ಯಾರೋ ಎದೆಗೆ ಕೈ ಕೊಟ್ಟು ಹಿಂದಕ್ಕೆ ತಳ್ಳಿದ ಹಾಗೆ. ಅದರ ಮೇಲೆ ನರಸೀಪುರ ಮೈಸೂರಿಗಿಂತ ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. 70 ಕಿ.ಮೀ. ತುಳಿದ ಕಾಲಿಗೆ ಏರೂ ಎದುರುಗಾಳಿಯೂ ಒಟ್ಟಿಗೇ ಬರುತ್ತವೆ. ಆ ವರ್ಷ ಕೊನೆಯ 30 ಕಿ.ಮೀ.ಗೆ ಎರಡು ಗಂಟೆಯ ಹತ್ತಿರ ಹಿಡಿಯಿತು. ಅಂಗಡಿ ಬಾಗಿಲು ತೆಗೆದಾಗ ಹನ್ನೊಂದೂವರೆ. ಗಿರಾಕಿಗಳು ಬಂದು ವಾಪಸ್ ಹೋಗಿದ್ದರು. ಹೀಗೆ ಮೂರು ಭಾನುವಾರ ಹೋದವು.

ಸುತ್ತನ್ನೇ ತಿರುಗಿಸಿ ಹಾಕಿದೆ. ಆಷಾಢದಲ್ಲಿ ಮೊದಲು ವರುಣಾ ಕಡೆ. ಕತ್ತಲಲ್ಲಿ ಲಾರಿಗಳ ರಸ್ತೆ, ಆದ್ದರಿಂದ ಮುಂದಿನ ದೀಪಕ್ಕೆ 3,000 ರೂ. ಹಾಕಿದ್ದಕ್ಕೆ ನನಗೆ ಬೇಸರವಿಲ್ಲ. ಬೆನ್ನಿಗೆ ಗಾಳಿ, ಒಟ್ಟಾರೆ ಇಳಿಜಾರು: ನರಸೀಪುರಕ್ಕೆ ಒಂದು ಗಂಟೆ ಸಾಕು. ಅಲ್ಲಿಂದ ಶ್ರೀರಂಗಪಟ್ಟಣದವರೆಗೆ ಗಾಳಿ ಓರೆಯಾಗಿ ಎದುರಿಗೇ ಬರುತ್ತದೆ, ನಿಜ. ಆದರೆ ಅಲ್ಲಿ ಬಯಲಿಲ್ಲ. ರಸ್ತೆಯ ಎರಡೂ ಕಡೆ ಆಳೆತ್ತರದ ಕಬ್ಬು, ತೆಂಗಿನ ತೋಟ. ಕಬ್ಬಿನ ಸೋಗೆ ತಲೆಯ ಮೇಲೆ ಸುಯ್ ಎನ್ನುತ್ತಿರುತ್ತದೆ, ಕೆಳಗೆ ಮುಖಕ್ಕೆ ಗಾಳಿಯೇ ತಾಗುವುದಿಲ್ಲ. ಗುಂಪಿನವರು ನಕ್ಷೆ ನೋಡಿ ವಾದ ಮಾಡುತ್ತಿದ್ದರು. ನಕ್ಷೆಯಲ್ಲಿ ಕಬ್ಬು ಕಾಣುವುದಿಲ್ಲ. ಕಡೆಗೆ ಬೆಳಗೊಳದಿಂದ ಮೈಸೂರಿಗೆ ಏರು ಉಳಿಯುತ್ತದೆ, ಹನ್ನೆರಡು ಕಿ.ಮೀ. ಇರಬಹುದು. ಅಷ್ಟನ್ನು ಹಲ್ಲು ಕಚ್ಚಿ ತುಳಿಯಬಹುದು.

ಇನ್ನು ಟೈರು. ಇಲ್ಲಿ ದುಡ್ಡು ಚೆನ್ನಾಗಿ ಕಳೆದುಕೊಂಡಿದ್ದೇನೆ. ಸೈಕಲ್ ಜೊತೆ ಬಂದಿದ್ದು 25 ಮಿ.ಮೀ. ಅಗಲದ್ದು, 95 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ತುಂಬಿಸುತ್ತಿದ್ದೆ. ಅರಕೆರೆ ಕಡೆಯ ಕಿತ್ತುಹೋದ ಡಾಂಬರಿನಲ್ಲಿ ಕೈಯೆಲ್ಲ ಜೋಮು. ಒಂದೇ ತಿಂಗಳಲ್ಲಿ ಏಳು ಪಂಕ್ಚರ್, ಅದರಲ್ಲಿ ಐದು ಜಾಲಿ ಮುಳ್ಳಿನದು. ಅಂಗಡಿಯವರೊಬ್ಬರು "ಮುಳ್ಳು ನಾಟೋದೇ ಇಲ್ಲ ಸಾರ್" ಎಂದು 28ರ ಜೋಡಿ ಕೊಟ್ಟರು, 3,400 ರೂಪಾಯಿ. ಎರಡನೇ ವಾರವೇ ಪಕ್ಕದ ಗೋಡೆ ಸೀಳಿತು. ಸೋಸಲೆಯಿಂದ ನರಸೀಪುರದ ಬಸ್‌ಸ್ಟ್ಯಾಂಡಿನವರೆಗೆ ಸೈಕಲ್ ತಳ್ಳಿಕೊಂಡು ಹೋದೆ. ಈಗ ಇರುವುದು 32, ಟ್ಯೂಬ್ ಇದೆ, ಟ್ಯೂಬಿನೊಳಗೆ ತೂತನ್ನು ತಾನೇ ಮುಚ್ಚುವ ಸೀಲೆಂಟ್ ದ್ರವ ಇದೆ. ಹಿಂದೆ 62, ಮುಂದೆ 58 ಪಿಎಸ್‌ಐ. ನನ್ನ ತೂಕ 72 ಕೆ.ಜಿ. "ಅಗಲ ಟೈರು ಹಾಕಿದ್ರೆ ವೇಗ ಹೋಗುತ್ತೆ" ಎಂದವರಿಗೆ ಹೇಳುವುದು ಇಷ್ಟೇ: ಬನ್ನೂರು–ಅರಕೆರೆ ನಡುವೆ ನನ್ನ ಸರಾಸರಿ ಗಂಟೆಗೆ ಎರಡು ಕಿ.ಮೀ.ನಷ್ಟು ಹೆಚ್ಚಾಯಿತು. ಗುಂಡಿ ತಪ್ಪಿಸಲು ಬ್ರೇಕ್ ಹಿಡಿಯುವುದು ನಿಂತಿತಲ್ಲ. ಸೀಲೆಂಟಿಗೆ ನಾನು ಬೆರೆಸುವ ಇನ್ನೊಂದು ಪದಾರ್ಥವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟೆಲ್ಲ ಮುಳ್ಳು, ಗುಂಡಿ ದಾಟಿದವನನ್ನು ಪೂರ್ತಿ ಮಲಗಿಸಿದ್ದು ಹುರುಳಿ. ಜನವರಿ ತಿಂಗಳು, ಬನ್ನೂರಿನ ಈಚೆಗೆ ಒಂದು ಊರು. ರಸ್ತೆಯ ಉದ್ದಕ್ಕೂ ಹುರುಳಿ ಗಿಡ ಹರಡಿದ್ದರು, ಬಸ್ಸು ಲಾರಿ ಓಡಾಡಿ ಒಕ್ಕಣೆಯಾಗಲಿ ಎಂದು. ಪಕ್ಕದಲ್ಲಿ ಜಾಗವಿರಲಿಲ್ಲ, ಮೇಲೆಯೇ ಹೋದೆ. ಇಪ್ಪತ್ತು ಅಡಿ ಹೋಗಿರಬೇಕು. ಹಂಬಿನ ಒಂದು ಎಳೆ ಚೈನಿಗೆ ಸಿಕ್ಕಿ, ಅದರ ಹಿಂದೆ ಹಿಡಿ ಹಂಬು ಸೇರಿ, ಗೇರ್ ಬದಲಿಸುವ ಹಿಂದಿನ ಡಿರೇಲರಿನ ಎರಡು ಪುಟ್ಟ ಗಾಲಿಗಳ ನಡುವೆ ಹಗ್ಗದ ಹಾಗೆ ಸುತ್ತಿಕೊಂಡಿತು. ಟಕ್ ಎಂದಿತು. ನೋಡಿದರೆ ಡಿರೇಲರನ್ನು ಸೈಕಲ್ಲಿಗೆ ಹಿಡಿದಿಡುವ ಹ್ಯಾಂಗರ್ ಮುರಿದು, ಡಿರೇಲರ್ ಚಕ್ರದ ಕಡ್ಡಿಗಳೊಳಕ್ಕೆ ಹೋಗಿ ಕೂತಿದೆ, ಎರಡು ಕಡ್ಡಿ ಬಾಗಿವೆ. ಅಲ್ಲೇ ಮೊರ ಹಿಡಿದಿದ್ದ ವಯಸ್ಸಾದ ಹೆಂಗಸೊಬ್ಬರು ಓಡಿ ಬಂದರು. "ಯಾಕ್ ಮಗಾ, ನಾರು ಕಚ್ಕಂಡದಾ? ತಡಿ, ಕುಡ್ಲು ತತ್ತೀನಿ" ಎಂದು ಕುಡುಗೋಲು ತಂದು, ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಎಳೆ ಕೊಯ್ದರು. ಬೆರಳು ಎಷ್ಟು ನಯವೆಂದರೆ ಚೈನಿಗೆ ಒಂದು ಗೀರು ಬೀಳಲಿಲ್ಲ. "ಅವ್ವಾ, ನಿಮ್ಮ ಹುರುಳಿ ಹಾಳಾಯ್ತು" ಅಂದೆ. "ಉಳ್ಳಿ ಓಗ್ಲಿ ಬುಡು, ಕಾಲು ನೆಟ್ಟಗದಲ್ಲಾ" ಅಂದರು. ಡಿರೇಲರಿಗೆ 4,200, ಹ್ಯಾಂಗರಿಗೆ 700, ಕಡ್ಡಿ ಬದಲಾಯಿಸಿ ಚಕ್ರ ಸರಿಮಾಡಿದ್ದಕ್ಕೆ 600. ಆ ಅಳತೆಯ ಹ್ಯಾಂಗರ್ ಮೈಸೂರಿನಲ್ಲಿ ಸಿಗದೆ ಕೊರಿಯರಿಗಾಗಿ 18 ದಿನ ಕಾದೆ. ಈಗ ಒಂದು ಹ್ಯಾಂಗರ್ ಸೀಟಿನ ಚೀಲದಲ್ಲಿ ಸದಾ ಇರುತ್ತದೆ. ಒಕ್ಕಣೆ ಕಂಡರೆ ಎಷ್ಟೇ ಅವಸರವಿದ್ದರೂ ಇಳಿದು, ಸೈಕಲ್ ಹೆಗಲ ಮೇಲೆ ಹೊತ್ತು ದಾಟುತ್ತೇನೆ. ಚೈನಿನಿಂದ ಎಣ್ಣೆ ಕಾಳಿಗೆ ತಾಗಬಾರದು ನೋಡಿ, ಅದು ಅವರ ಅನ್ನ.

ನಾಲೆ ಏರಿಯ ಮೇಲೆ ಹೋದರೆ ದಾರಿ ಇನ್ನೂ ಚಿಕ್ಕದಾಗುತ್ತದೆಂದು ಒಂದು ಬೇಸಿಗೆ ಅದನ್ನೂ ಹುಡುಕಿದೆ. ಚಿಕ್ಕದೇವರಾಜ ಒಡೆಯರ ಹೆಸರಿನ ಸಿ.ಡಿ.ಎಸ್. ನಾಲೆ ಕೆ.ಆರ್.ಎಸ್.ಗಿಂತ ಎಷ್ಟೋ ಹಳೆಯದು. ಅಂಥ ಹಳೆಯ ನಾಲೆಗಳ ಏರಿ ನೆರಳಿನದು, ಕಣ್ಣಿಗೆ ತಂಪು. ಆದರೆ ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ನೀರು ಬಿಟ್ಟು, ಕೆಲವು ದಿನ ನಿಲ್ಲಿಸುವುದು) ನೀರು ಬಿಟ್ಟ ವಾರ ಗದ್ದೆಗೆ ಮಡೆ ಒಡೆದಲ್ಲೆಲ್ಲ ಕೆಸರು. ಕಟ್ಟು ಮುಗಿದ ನಾಲ್ಕನೇ ದಿನದಿಂದ ಗಟ್ಟಿಯಾಗುತ್ತದೆ. ಅದರಲ್ಲಿ ಮೂರು ಕಿ.ಮೀ. ತುಂಡೊಂದು ನನ್ನ ಸುತ್ತಿನಲ್ಲಿ ಈಗಲೂ ಇದೆ. ಎಲ್ಲಿ ಎಂದು ಕೇಳಬೇಡಿ, ಜೊತೆಗೆ ಬಂದರೆ ತೋರಿಸುತ್ತೇನೆ. ದೊಡ್ಡ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿಗೆ ಮಾತ್ರ ನಾನು ಹೋಗುವುದಿಲ್ಲ, ಹೋಗಿ ಎಂದು ಯಾರಿಗೂ ಹೇಳುವುದಿಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿಯ ಬಳಿ ಬಸ್ಸು ಆ ನಾಲೆಗೆ ಬಿದ್ದು 30 ಜನ ಹೋದರು. ನೀರು ಆಳ, ಸೆಳೆತ ಬಿರುಸು. ಸೈಕಲ್ ಜಾರಿ ಬಿದ್ದವನಿಗೆ ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲ.

ಮಳೆಗಾಲದಲ್ಲಿ ಬೆಳಿಗ್ಗೆ ಹೊರಡುವ ಹಿಂದಿನ ದಿನ ಪೇಪರಿನಲ್ಲಿ ಕೆ.ಆರ್.ಎಸ್. ಮಟ್ಟ ನೋಡುತ್ತೇನೆ. ಪೂರ್ಣ ಮಟ್ಟವಾದ 124.80 ಅಡಿಯ ಹತ್ತಿರ ಬಂದು, ಹೊರಹರಿವು ಐವತ್ತು ಸಾವಿರ ಕ್ಯೂಸೆಕ್ ದಾಟಿದರೆ ಗಂಜಾಂ, ಸಂಗಮದ ಕಡೆಯ ತಗ್ಗಿನ ದಾರಿಗಳನ್ನು ಬಿಟ್ಟು ನೇರ ಹೋಗುತ್ತೇನೆ. ಐದಾರು ಕಿ.ಮೀ. ಕಡಿಮೆಯಾಗುತ್ತದೆ, ಆಗಲಿ.

ತಿನ್ನುವುದರಲ್ಲೂ ಪ್ರಯೋಗ ಮಾಡಿದ್ದೇನೆ. ಓಡುವಾಗ ಶಕ್ತಿಗೆಂದು ಹೀರುವ ಜೆಲ್ ಪೊಟ್ಟಣ ಒಂದಕ್ಕೆ ನೂರು ರೂಪಾಯಿಗೂ ಹೆಚ್ಚು, ಒಂದು ಸುತ್ತಿಗೆ ಮೂರು ಬೇಕು. ಬಿಟ್ಟೆ. ಆಲೆಮನೆಯಲ್ಲಿ ಬಿಸಿ ಬೆಲ್ಲ ಕೊಂಡು ಜೇಬಿಗೆ ಹಾಕಿದ್ದು ಜೆರ್ಸಿಗೆ ಅಂಟಿತು. ಕಬ್ಬಿನ ಹಾಲು ಎರಡು ಲೋಟ ಕುಡಿದ ದಿನ ಸೋಮನಾಥಪುರ ತಲುಪುವುದರೊಳಗೆ ಹೊಟ್ಟೆ ಕೆಟ್ಟಿತು. ಕೊನೆಗೆ ನಿಂತಿದ್ದು ನನ್ನ ಹೆಂಡತಿಯ ಅಕ್ಕಿ ತಂಬಿಟ್ಟು: ಹುರಿದ ಅಕ್ಕಿ, ಹುರಿಗಡಲೆ, ಎಳ್ಳು, ಕೊಬ್ಬರಿ, ಬೆಲ್ಲ, ಜೊತೆಗೆ ಅವಳದೇ ಒಂದು ಚಿಟಿಕೆ ಉಪ್ಪು. ನಿಂಬೆ ಗಾತ್ರದ ಉಂಡೆ, 25 ಕಿ.ಮೀ.ಗೆ ಒಂದು. ಬನ್ನೂರಿನಲ್ಲಿ ಎರಡು ಇಡ್ಲಿ, ಹತ್ತು ನಿಮಿಷ ಮಾತ್ರ. ಅರಕೆರೆ ದಾಟಿದ ಮೇಲೆ ಒಂದು ಎಳನೀರು.

ಒಂದು ಸಲ ನರಸೀಪುರದಿಂದ ತಲಕಾಡಿಗೂ ಹೋಗಿ ಬಂದು 135 ಮಾಡಿದೆ. ದಾರಿ ಚೆನ್ನಾಗಿದೆ, ಆದರೆ ಅಂಗಡಿ ಇರುವವನಿಗೆ ಆಗುವ ಮಾತಲ್ಲ.

ಒಟ್ಟು ಲೆಕ್ಕ ಹಾಕಿದರೆ ಮೂರು ವರ್ಷಕ್ಕೆ ಟೈರು, ಟ್ಯೂಬು, ದೀಪ, ಡಿರೇಲರ್ ಸೇರಿ 19–20 ಸಾವಿರ ಆಗಿರಬೇಕು. ಈ ವರ್ಷ ಇಲ್ಲಿಯವರೆಗೆ ಖರ್ಚಾಗಿರುವುದು ಎರಡು ಟ್ಯೂಬು, ಒಂದು ಚೈನು. ಹದಿನಾಲ್ಕು ಸುತ್ತು ಆಗಿವೆ, ಹತ್ತು ಗಂಟೆ ತಪ್ಪಿದ್ದು ಒಂದೇ ಸಲ. ಅದೂ ಸೋಸಲೆ ಸೇತುವೆಯ ಮೇಲೆ ನಿಂತು, ಮಂಜಿನಲ್ಲಿ ಹೊಳೆಗೆ ಬಲೆ ಬೀಸುತ್ತಿದ್ದವರನ್ನು ನೋಡುತ್ತಾ ಹೊತ್ತು ಹೋದದ್ದು ತಿಳಿಯದೆ. ದೀಪಾವಳಿ ಕಳೆದು ಗಾಳಿ ಮೂಡಣಕ್ಕೆ ತಿರುಗಿದ ಕೂಡಲೇ ಮತ್ತೆ ಬೆಳಗೊಳದ ಕಡೆಯಿಂದ ಶುರುಮಾಡುತ್ತೇನೆ.