ಬಳ್ಳಾರಿ ಬಿಸಿಲಿಗೆ ಕೊನೆಗೂ ಬಗ್ಗದ ನನ್ನ ಹೆರಾಲ್ಡ್

ನನ್ನ ಹಳೇ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್, 948 ಸಿಸಿ, ಏಪ್ರಿಲ್ ಬಿಸಿಲಲ್ಲಿ ರೇಸಿಗೆ ಬಿಡ್ತೀನಿ ಅಂದಾಗ ದೋಸ್ತರೆಲ್ಲ ನಕ್ರು, ಮನೇಲಂತೂ ಗುಜರಿಗೆ ಹಾಕು ಅಂದ್ರು. ಈಗ ಓಡೈತೆ, ಅದಕ್ಕೇ ಬರೀತಿದೀನಿ.

ರೋಗ ಒಂದೇ, ವೇಪರ್ ಲಾಕ್, ಅಂದ್ರೆ ಬಿಸಿಗೆ ಪೆಟ್ರೋಲ್ ಹಬೆಯಾಗಿ ಇಂಜಿನ್ನಿಗೆ ಹೋಗೋದೇ ನಿಲ್ಲೋದು. ಈ ಇಂಜಿನ್ನಲ್ಲಿ ಕಾರ್ಬುರೇಟರ್ರೂ ಬಿಸಿ ಹೊಗೆ ಹೋಗೋ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಬದಿಗೆ. ಕುಡಿತಿನಿ ದಾಟಿ ತೋರಣಗಲ್ಲು ಹತ್ರ ಅದಿರು ಲಾರಿ ಹಿಂದೆ ಸಿಕ್ಕಾಕ್ಕೊಂಡ್ರೆ ಮುಗೀತು, ಇಂಜಿನ್ ಹತ್ರದ ಪಂಪಲ್ಲೇ ಪೆಟ್ರೋಲ್ ಹಬೆ ಆಗಿ ಗಾಡಿ ಕೆಮ್ಮಿ ನಿಲ್ಲೋದು. ಎಥನಾಲ್ ಪೆಟ್ರೋಲ್ ಬಂದ್ಮೇಲೆ ಹಳೇ ರಬ್ಬರ್ ಪೈಪು ಮುಟ್ಟಿದ್ರೆ ಕೈಗೆ ಕರ್ರಗೆ ಅಂಟ್ತಿತ್ತು, ಅದು ಬೇರೆ.

ಮೊದ್ಲು ಎಲ್ರೂ ಮಾಡೋದೇ ಮಾಡ್ದೆ, ಪಂಪ್ ಮೇಲೆ ಒದ್ದೆ ಬಟ್ಟೆ. ನಮ್ಮೂರಲ್ಲಿ ಜೀನ್ಸ್ ತುಂಡಿಗೇನು ಬರ? ಹತ್ತೇ ನಿಮಿಷಕ್ಕೆ ಒಣಗಿ ಹಪ್ಪಳ. ಆಮೇಲೆ ರೇಡಿಯೇಟರ್ ಕೋರ್ ದೊಡ್ಡದು ಹಾಕ್ಸಿದೆ, ಒಂಬತ್ತು ಸಾವಿರದ ಆಸುಪಾಸು, ನೀರು ತಣ್ಣಗಾಯ್ತು ರೋಗ ಹೋಗ್ಲಿಲ್ಲ. ಅದಾದ್ಮೇಲೆ ಬುದ್ಧಿಗೆಟ್ಟು ಗುಜರಿಯಿಂದ ಇಂಜೆಕ್ಷನ್ ಕಾರಿನ ಪಂಪ್ ತಂದು ಹಾಕಿದೆ, ಆ ಪ್ರೆಷರ್ ನನ್ನ ಸೊಲೆಕ್ಸ್ ಕಾರ್ಬುರೇಟರ್ ನೀಡಲ್ ವಾಲ್ವ್ ಎಲ್ಲಿ ತಡೀತದೆ, ಪೆಟ್ರೋಲ್ ಉಕ್ಕಿ ಬಿಸಿ ಮ್ಯಾನಿಫೋಲ್ಡ್ ಮೇಲೇ ಸುರೀತು. ಹೊತ್ಕೊಳ್ಳಲಿಲ್ಲ, ದುರ್ಗಮ್ಮ ಕಾಯ್ದಳು. ಮೆಕ್ಯಾನಿಕ್ ಉಸ್ತಾದ್ ಪಾನಾ ಅಲ್ಲೇ ಬಿಟ್ಟು ಓಡಿದ್ರು, ಒಂದು ವಾರ ನನ್ನ ಫೋನೇ ಎತ್ಲಿಲ್ಲ.

ಕೊನೆಗೆ ಪಂಪನ್ನೇ ಡಿಕ್ಕಿಗೆ, ಟ್ಯಾಂಕ್ ಪಕ್ಕಕ್ಕೆ ಕಳ್ಸಿದೆ. ಕಮ್ಮಿ ಪ್ರೆಷರ್ ಎಲೆಕ್ಟ್ರಿಕ್ ಪಂಪ್, ಎರಡೂವರೆ ಪಿಎಸ್‌ಐ ಇರ್ಬೇಕು. ಕಾರ್ಬುರೇಟರ್ ಹತ್ರ ಒಂದು ಟಿ ಆಕಾರದ ಜಾಯಿಂಟ್ ಹಾಕಿ ಅಲ್ಲಿಂದ ಟ್ಯಾಂಕಿಗೆ ವಾಪಸ್ ಲೈನು, ಪೆಟ್ರೋಲ್ ನಿಂತಲ್ಲೇ ಬಿಸಿಯಾಗೋ ಮಾತೇ ಇಲ್ಲ. ವಾಪಸ್ ಲೈನಿನ ತೂತು ಎಷ್ಟು ಸಣ್ಣ ಅಂತ ಇಲ್ಲಿ ಹೇಳಲ್ಲ, ಮೂರು ತೂತು ಕೆಡ್ಸಿ ಕಲ್ತಿದೀನಿ. ಕಾರ್ಬುರೇಟರ್ ಕೆಳಗೆ ಬೇಕಲೈಟ್ ಪ್ಯಾಕಿಂಗು, ಅದ್ರಡಿ ಅಲ್ಯುಮಿನಿಯಂ ತಗಡು. ಕೆಟ್ಟಿದ್ದೆಲ್ಲ ಬಿಟ್ಟು ಹದಿನಾಲ್ಕು ಸಾವಿರ ಆಗಿರ್ಬೇಕು. ಮಧ್ಯೆ ಬಾನೆಟ್ ಹಿಂದುಗಡೆ ವಾಷರ್ ಕೊಟ್ಟು ಸಂದು ಬಿಟ್ಟು ನೋಡ್ದೆ, ಬಿಸಿಗಿಂತ ಕೆಂಪು ಧೂಳೇ ಜಾಸ್ತಿ ಆಡ್ತು, ತೆಗ್ದೆ.

ದೋಸ್ತನ ಲೇಔಟಲ್ಲಿ ಸೈಟ್ ಇನ್ನೂ ಮಾರಿಲ್ಲ, ರಸ್ತೆ ಖಾಲಿ. ಅರ್ಧ ಕಿಲೋಮೀಟರ್, ನೆಟ್ಟಗೆ. ತಿರುವಲ್ಲಿ ಹೆರಾಲ್ಡ್ ಹಿಂದಿನ ಚಕ್ರ ಒಳಗೆ ಮಡಚ್ಕೊಳ್ತವೆ, ಆ ಸಾಹಸ ನಂಗೆ ಬೇಡ. ಬೆಳಿಗ್ಗೆ ಆರಕ್ಕೆ ಇಟ್ಕೊಳ್ಳೋಣ ಅಂದ್ರು, ನಾನೇ ಹಟ ಹಿಡ್ದು ಹನ್ನೊಂದಕ್ಕೆ ಇಡ್ಸಿದೆ. ಮೊದಲೆರಡು ಸಲ ಎದುರಿಗಿದ್ದ ಪದ್ಮಿನಿ ಕಾರೇ ಮುಂದೆ, ಒಪ್ಕೊಂತೀನಿ, ಅದು 1089 ಸಿಸಿ. ಮೂರನೇದಕ್ಕೆ ಅದು ಕೆಮ್ಮೋಕೆ ಶುರು, ನಾಲ್ಕಕ್ಕೆ ದಾರೀಲೇ ನಿಲ್ತು. ನಂದು ಐದೂ ಸಲ ಮೂವತ್ತು ಸೆಕೆಂಡಿನ ಆಸುಪಾಸು. ಡಿಕ್ಕೀಲಿದ್ದ ಜೀನ್ಸ್ ತುಂಡು ನೆನೆಸಿ ಪದ್ಮಿನಿಯವನ ಕೈಗೆ ಕೊಟ್ಟೆ.

"ಆ ತೂತಿನ ಸೈಜ್ ಹೇಳೋ ಮಾರಾಯ" ಅಂದ.

ಮೊದ್ಲು ಮಿರ್ಚಿ ಮಂಡಕ್ಕಿ ಕೊಡ್ಸು ಅಂದಿದೀನಿ.