ಮಗ್ಗುಲಿಗೆ ಸಿಲಿಂಡರ್: ಟೆಕ್ನಿಕಲ್ ಡೈವರ್‌ಗಳು ಹೆಚ್ಚುವರಿ ಗ್ಯಾಸ್ ಹೊತ್ತೊಯ್ಯುವುದು ಹೇಗೆ?

ನೇತ್ರಾಣಿಯಲ್ಲಿ ಸ್ಕೂಬಾ ಮಾಡಿದವರಿಗೆ ಬೆನ್ನ ಮೇಲಿನ ಒಂದೇ ಸಿಲಿಂಡರ್ ಗೊತ್ತು. ಫ್ಲೋರಿಡಾದ ನೀರು ತುಂಬಿದ ಗುಹೆಗಳಂಥ ಕಡೆ ಇಳಿಯುವ ಟೆಕ್ನಿಕಲ್ ಡೈವರ್‌ಗಳಿಗೆ ಅದು ಸಾಲದು. ಬೆನ್ನಿಗೆ ಜೋಡಿ ಸಿಲಿಂಡರ್, ಮಗ್ಗುಲಿಗೆ ಇನ್ನೂ ಒಂದೆರಡು. ಮಗ್ಗುಲಿನವುಗಳಲ್ಲಿ ಒಂದು ಇನ್ನಷ್ಟು ದೂರ ಹೋಗಲು. ಇನ್ನೊಂದು ಮೇಲೆ ಬರುವಾಗ ಉಸಿರಾಡಲು. ದೇಹದೊಳಗೆ ಸೇರಿದ ನೈಟ್ರೋಜನ್, ಹೀಲಿಯಂ ಬೇಗ ಹೊರಹೋಗಲಿ ಎಂದು ಇದರಲ್ಲಿ ಆಕ್ಸಿಜನ್ ಜಾಸ್ತಿ ಇರುತ್ತದೆ.

ಮಗ್ಗುಲಿನ ಸಿಲಿಂಡರ್ ಅಲ್ಯೂಮಿನಿಯಂನದೇ ಆಗಿರಲಿ. ಹೆಚ್ಚಾಗಿ ಬಳಸುವುದು 80 ಘನ ಅಡಿಯದು, ಅಂದರೆ ಅಷ್ಟು ಗ್ಯಾಸನ್ನು ಒತ್ತಿ ತುಂಬುವಂಥದ್ದು; ಅದರೊಳಗಿನ ಜಾಗ ಸುಮಾರು 11 ಲೀಟರ್. ಶುದ್ಧ ಆಕ್ಸಿಜನ್‌ಗೆ 40 ಘನ ಅಡಿಯದನ್ನೂ ಒಯ್ಯುತ್ತಾರೆ. ಉಕ್ಕಿನ ಸಿಲಿಂಡರ್ ನೀರಿನಲ್ಲೂ ಭಾರವೇ, ಒಂದೇ ಪಕ್ಕಕ್ಕೆ ಜಗ್ಗುತ್ತದೆ.

ಈಗ ಕಟ್ಟುವ ಕೆಲಸ. ಸಿಲಿಂಡರಿನ ಕುತ್ತಿಗೆಗೆ ಗಟ್ಟಿ ಹಗ್ಗ ಸುತ್ತಿ ಅದಕ್ಕೊಂದು ಬೋಲ್ಟ್ ಸ್ನ್ಯಾಪ್ (ಬೆರಳಿನಿಂದ ಎಳೆದು ತೆರೆಯುವ ಲೋಹದ ಕೊಕ್ಕೆ) ಕಟ್ಟಿ. ಅದೇ ಹಗ್ಗವನ್ನು ಕೆಳಗೆ ತಂದು, ಸಿಲಿಂಡರಿನ ಹೊಟ್ಟೆಯ ಸುತ್ತ ಬಿಗಿದ ಸ್ಟೀಲ್ ಕ್ಲಾಂಪಿನಡಿ ತೂರಿಸಿ, ಅಲ್ಲೊಂದು ಸ್ನ್ಯಾಪ್ ಕಟ್ಟಿ. ನಡುವಿನ ಹಗ್ಗಕ್ಕೆ ರಬ್ಬರ್ ಪೈಪಿನ ತುಂಡು ಹಾಕಿದರೆ ಅದೇ ಹಿಡಿಕೆ. ಸ್ನ್ಯಾಪನ್ನು ಲೋಹಕ್ಕೆ ನೇರವಾಗಿ ಬಿಗಿಯಬೇಡಿ. ಅದು ಸಿಕ್ಕಿಹಾಕಿಕೊಂಡರೆ ಹಗ್ಗವನ್ನು ಚಾಕುವಿನಿಂದ ಕತ್ತರಿಸಬಹುದು, ಉಕ್ಕನ್ನು ಕತ್ತರಿಸೋಕಾಗುತ್ತಾ? ಬಾಯಿಗಿಟ್ಟು ಉಸಿರಾಡುವ ರೆಗ್ಯುಲೇಟರಿನ ಉದ್ದ ಪೈಪನ್ನು ಸಿಲಿಂಡರಿಗೆ ಸುತ್ತಿದ ರಬ್ಬರ್ ಪಟ್ಟಿಗಳ ಕೆಳಗೆ ಮಡಚಿಡಿ. ಅದು ಜೋತಾಡಬಾರದು.

ಮೇಲಿನ ಸ್ನ್ಯಾಪ್ ಎದೆಯ ಪಟ್ಟಿಯ ಡಿ-ರಿಂಗ್‌ಗೆ (ಡಿ ಆಕಾರದ ಲೋಹದ ಬಳೆ), ಕೆಳಗಿನದು ಸೊಂಟದ ಡಿ-ರಿಂಗ್‌ಗೆ. ವಾಲ್ವ್ ಕಂಕುಳ ಹತ್ತಿರ, ಸಿಲಿಂಡರ್ ಮೈಗೆ ಸಮಾನಾಂತರ. ಮೇಲಿನ ಹಗ್ಗ ಉದ್ದವಾದರೆ ಸಿಲಿಂಡರಿನ ತಲೆ ಕೆಳಗೆ ಇಳಿದು ಗುಹೆಯ ತಳದ ಕೆಸರು ಕೆದಕುತ್ತದೆ. ಆಮೇಲೆ ಯಾರಿಗೂ ಏನೂ ಕಾಣುವುದಿಲ್ಲ.

ಎಡಕ್ಕೋ, ಬಲಕ್ಕೋ? ಇದರ ಬಗ್ಗೆ ಡೈವರ್‌ಗಳು ಜಗಳಾಡುವುದು ಹೊಸದಲ್ಲ. ಆಕ್ಸಿಜನ್ ಜಾಸ್ತಿ ಇರುವುದು ಬಲಕ್ಕೆ, ಕಡಿಮೆ ಇರುವುದು ಎಡಕ್ಕೆ ಎನ್ನುವವರಿದ್ದಾರೆ. ಫ್ಲೋರಿಡಾದ ಗುಹೆ ಡೈವರ್‌ಗಳ ಒಂದು ಪಂಗಡ ಎಲ್ಲವನ್ನೂ ಎಡಕ್ಕೇ ಹಾಕುತ್ತದೆ. ಜೊತೆಗಾರನ ಗ್ಯಾಸ್ ಮುಗಿದರೆ ಕೊಡಬೇಕಾದ ಸುಮಾರು 2 ಮೀಟರ್ ಪೈಪು ಬಲಗಡೆಯಿಂದ ಬರುತ್ತದೆ, ಆ ದಾರಿ ಖಾಲಿ ಇರಬೇಕು ಎನ್ನುವುದು ಅವರ ವಾದ. ನನಗೂ ಇದೇ ಸರಿ ಅನ್ನಿಸುತ್ತದೆ, ಆದರೆ ಕಾರಣ ಬೇರೆ. ಎಡ-ಬಲದ ಲೆಕ್ಕ ಇಟ್ಟುಕೊಂಡವನು ಸುಸ್ತಾದಾಗ ಓದದೆ ಸುಮ್ನೆ ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಸಾಧ್ಯತೆ ಜಾಸ್ತಿ.

ಓದಬೇಕಾದದ್ದು ಆಳದ ಮಿತಿಯನ್ನು. 50% ಆಕ್ಸಿಜನ್ ಇದ್ದರೆ 21, ಶುದ್ಧ ಆಕ್ಸಿಜನ್ ಆದರೆ 6 ಮೀಟರ್. ಅದಕ್ಕಿಂತ ಆಳದಲ್ಲಿ ಉಸಿರಾಡಿದರೆ ಫಿಟ್ಸ್ ಬರಬಹುದು, ನೀರಿನೊಳಗೆ ಫಿಟ್ಸ್ ಬಂದರೆ ಬದುಕುವುದು ಕಷ್ಟ. ಅದಕ್ಕೇ ಆ ಅಂಕಿಯನ್ನು ಸಿಲಿಂಡರಿನ ಎರಡೂ ಮಗ್ಗುಲಿಗೆ ದಪ್ಪಕ್ಕೆ ಬರೆದು ಅಂಟಿಸಿ. ಒಂದು ನಿಮಗೆ, ಇನ್ನೊಂದು ಪಕ್ಕದಲ್ಲಿ ಈಜುವವರಿಗೆ. ಬಳಸದಿರುವಾಗ ವಾಲ್ವ್ ಮುಚ್ಚಿರಲಿ, ಪೈಪಿನಲ್ಲಿ ಮಾತ್ರ ಒತ್ತಡ ಉಳಿದಿರಲಿ. ಗ್ಯಾಸ್ ಬದಲಿಸುವಾಗ ಆಳ ನೋಡಿ, ಅಂಕಿ ಓದಿ, ವಾಲ್ವ್ ತೆರೆಯಿರಿ. ಬಾಯಿಗಿಡುವ ಮೊದಲು ರೆಗ್ಯುಲೇಟರಿನಿಂದ ಸಿಲಿಂಡರಿನವರೆಗೆ ಪೈಪನ್ನು ಕೈಯಿಂದ ತಡವಿ, ಜೊತೆಗಾರ ತಲೆಯಾಡಿಸುವವರೆಗೆ ಕಾಯಿರಿ.

ತುಂಬಿದಾಗ ಅರ್ಧ ಕೇಜಿಗಿಂತ ಸ್ವಲ್ಪ ಜಾಸ್ತಿ ಮುಳುಗುವ 80 ಘನ ಅಡಿಯ ಸಿಲಿಂಡರ್ ಖಾಲಿಯಾದರೆ ಸುಮಾರು 2 ಕೇಜಿಯಷ್ಟು ತೇಲುತ್ತದೆ, ಬಾಲ ಮೇಲೇಳುತ್ತದೆ. ಹಲವು ಸಿಲಿಂಡರ್ ಇದ್ದರೆ ಖಾಲಿಯಾದವನ್ನು ಒಂದು ತುಂಡು ಹಗ್ಗಕ್ಕೆ ಸಿಕ್ಕಿಸಿ ಸೊಂಟದ ಡಿ-ರಿಂಗ್‌ನಿಂದ ಹಿಂದಕ್ಕೆ ಬಿಡುತ್ತಾರೆ. ಕಾಲುಗಳ ನಡುವೆ ತೇಲುತ್ತಾ ಬರುತ್ತವೆ. ಬಂದ ದಾರಿಯಲ್ಲೇ ವಾಪಸಾಗುವ ಗುಹೆಯಾದರೆ ಆ ತಾಪತ್ರಯವೂ ಬೇಡ. ಮುಂದಕ್ಕೆ ಬೇಡವಾದ ಸಿಲಿಂಡರನ್ನು ದಾರಿ ತಪ್ಪದಿರಲು ಗುಹೆಯುದ್ದಕ್ಕೂ ಎಳೆದ ದಾರಕ್ಕೆ ಸಿಕ್ಕಿಸಿ ಅಲ್ಲೇ ಬಿಟ್ಟು ಹೋಗಿ, ಬರುವಾಗ ಎತ್ತಿಕೊಳ್ಳುತ್ತಾರೆ.